ಉಜ್ಜುವುದೋ, ಹಿಡಿಯುವುದೋ? ‘ಫ್ರಿಕ್ಷನ್ ಡಿಸ್ಕ್ ಡ್ರೈವ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ದಾಟಲು ನಿಮ್ಮ ಸಹಾಯ ಬೇಕು.

ಯಂತ್ರಗಳ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಅಧ್ಯಾಯ ಫ್ರಿಕ್ಷನ್ ಡಿಸ್ಕ್ ಡ್ರೈವ್ ಬಗ್ಗೆ. ಮೊದಲ ಕರಡಿನಲ್ಲಿ ಜಾಸ್ತಿ ಯೋಚಿಸದೆ ‘ಘರ್ಷಣಾ ಬಿಲ್ಲೆ ಚಾಲನೆ’ ಎಂದು ಬರೆದೆ. ಯಂತ್ರ ರಿಪೇರಿ ಮಾಡುವ ಗೆಳೆಯರೊಬ್ಬರಿಗೆ ಓದಲು ಕೊಟ್ಟೆ. ಅವರು ಆ ಪದದ ಕೆಳಗೆ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಕೇಳಿದರು: “ಘರ್ಷಣೆ ಅಂದ್ರೆ ಉಜ್ಜೋದು ಅಲ್ವಾ? ಇದು ಉಜ್ಜೋಕೆ ಶುರು ಮಾಡಿದ್ರೆ ಕೆಟ್ಟಿದೆ ಅಂತ ಅರ್ಥ. ಉಜ್ಜದೆ ಇದ್ರೇನೆ ಓಡೋದು.”

ಅವತ್ತಿನಿಂದ ಆ ಪದ ಬರೆಯಲು ಕೈ ಏಳುತ್ತಿಲ್ಲ.

ಈ ಸಾಧನ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಮೋಟಾರಿನ ಅಚ್ಚಿಗೆ ಒಂದು ಚಪ್ಪಟೆ ಉಕ್ಕಿನ ತಟ್ಟೆ ಇದೆ ಎಂದುಕೊಳ್ಳಿ. ಅದರ ಮುಖಕ್ಕೆ ಒಂದು ಗಾಲಿಯ ಅಂಚು ಒತ್ತಿಕೊಂಡಿದೆ. ಗಾಲಿಯ ಅಂಚಿಗೆ ರಬ್ಬರು. ಎರಡರ ಅಚ್ಚುಗಳು ಒಂದಕ್ಕೊಂದು ಅಡ್ಡಡ್ಡ. ತಟ್ಟೆ ತಿರುಗಿದರೆ ಗಾಲಿಯೂ ತಿರುಗುತ್ತದೆ. ಹಲ್ಲಿಲ್ಲ, ಬೆಲ್ಟ್ ಇಲ್ಲ, ಸರಪಳಿ ಇಲ್ಲ. ಗಾಲಿಯನ್ನು ಅದರ ಅಚ್ಚಿನ ಮೇಲೆ ಆಚೆ ಈಚೆ ಸರಿಸಬಹುದು. ಇಡೀ ಸಾಧನದ ಗುಟ್ಟು ಇರುವುದು ಈ ಸರಿಸುವುದರಲ್ಲಿ.

ತಟ್ಟೆಯ ಎಲ್ಲ ಭಾಗವೂ ಒಂದು ಸುತ್ತಿಗೆ ತೆಗೆದುಕೊಳ್ಳುವ ಹೊತ್ತು ಒಂದೇ. ಆದರೆ ಅಂಚಿನ ಹತ್ತಿರದ ಚುಕ್ಕೆ ಆ ಹೊತ್ತಿನಲ್ಲಿ ದೊಡ್ಡ ಸುತ್ತು ಹಾಕಬೇಕು, ನಡುವಿನ ಹತ್ತಿರದ್ದು ಚಿಕ್ಕ ಸುತ್ತು ಹಾಕಿದರೆ ಸಾಕು. ಲೆಕ್ಕ ಹಾಕಿ ನೋಡೋಣ. ತಟ್ಟೆ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ. ಗಾಲಿಯ ತ್ರಿಜ್ಯ 100 ಮಿಲಿಮೀಟರ್. ತಟ್ಟೆಯ ನಡುವಿನಿಂದ 50 ಮಿಲಿಮೀಟರ್ ದೂರದಲ್ಲಿ ಗಾಲಿ ತಾಗಿದರೆ ಅದು ನಿಮಿಷಕ್ಕೆ 750 ಸುತ್ತು ತಿರುಗುತ್ತದೆ. 100 ಮಿಲಿಮೀಟರಿಗೆ ಸರಿಸಿದರೆ 1500. 150ಕ್ಕೆ ಸರಿಸಿದರೆ 2250. ನಟ್ಟನಡುವೆ ತಂದು ನಿಲ್ಲಿಸಿದರೆ ಸೊನ್ನೆ. ನಡು ದಾಟಿಸಿ ಆಚೆ ಬದಿಗೆ ಒಯ್ದರೆ ಗಾಲಿ ಹಿಮ್ಮುಖವಾಗಿ ತಿರುಗುತ್ತದೆ! ಗೇರ್ ಬದಲಿಸದೆ ಮುಂದಕ್ಕೂ ಹೋಗಬಹುದು, ನಿಲ್ಲಬಹುದು, ಹಿಂದಕ್ಕೂ ಬರಬಹುದು. ಇದನ್ನು ಮೊದಲ ಸಲ ಕಣ್ಣಾರೆ ನೋಡಿದಾಗ ನನಗೆ ಆದ ಖುಷಿ ಈಗಲೂ ನೆನಪಿದೆ.

ಈಗ ‘ಘರ್ಷಣೆ’ಗೆ ಬರೋಣ. ಇಂಗ್ಲಿಷಿನ ಫ್ರಿಕ್ಷನ್ ಪದವೂ ಉಜ್ಜು ಎಂಬ ಅರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. ಸಂಸ್ಕೃತದ ಘರ್ಷಣೆಯ ಮೂಲವೂ ಅದೇ. ಆದ್ದರಿಂದ ಅನುವಾದ ತಪ್ಪು ಎನ್ನಲಾಗದು. ಭೌತಶಾಸ್ತ್ರದಲ್ಲಿ ಜಾರದೆ ನಿಂತ ಎರಡು ವಸ್ತುಗಳ ನಡುವೆಯೂ ಘರ್ಷಣೆ ಇದೆ. ಗೋಡೆಗೆ ಒರಗಿಸಿಟ್ಟ ಏಣಿ ಜಾರದೆ ನಿಲ್ಲುವುದು ಅದರಿಂದಲೇ. ವಿಜ್ಞಾನ ಓದಿದವರಿಗೆ ಇದು ಗೊತ್ತು. ಆದರೆ ಓದುಗನ ಕಿವಿಗೆ ಘರ್ಷಣೆ ಎಂದರೆ ಏನು? ಪತ್ರಿಕೆ ತೆರೆದರೆ ಎರಡು ಗುಂಪುಗಳ ನಡುವೆ ಘರ್ಷಣೆ. ಅಂದರೆ ಜಗಳ, ಹೊಡೆದಾಟ. ಎರಡು ವಸ್ತುಗಳು ಒಟ್ಟಿಗೆ ಸೇರಿ ತಿರುಗುವ ಕೆಲಸಕ್ಕೆ ಈ ಹೆಸರು ಹೊಂದುತ್ತದೆಯೇ?

ಹಾಗಾದರೆ ಅಚ್ಚಕನ್ನಡದ ತಿಕ್ಕು, ಉಜ್ಜು, ತೇಯು? ಇವು ಇನ್ನೂ ಕಷ್ಟಕ್ಕೆ ಸಿಕ್ಕಿಸುತ್ತವೆ. ಮೂರರಲ್ಲೂ ಒಂದು ಇನ್ನೊಂದರ ಮೇಲೆ ಜಾರಲೇಬೇಕು. ಜಾರದೆ ತಿಕ್ಕಲು ಆಗುವುದಿಲ್ಲ. ತೇಯು ಎಂದರೆ ಸವೆತವೂ ಸೇರಿಕೊಂಡಿತು. ಡಿಸ್ಕ್ ಬ್ರೇಕಿಗೆ ಈ ಪದಗಳು ಹೇಳಿಮಾಡಿಸಿದಂತಿವೆ. ಅಲ್ಲಿ ಉಜ್ಜುವುದೇ ಕೆಲಸ. ಉಜ್ಜಿ, ಬಿಸಿಯಾಗಿ, ಓಟವನ್ನು ತಿನ್ನಬೇಕು. ನಮ್ಮ ತಟ್ಟೆ–ಗಾಲಿಯಲ್ಲಿ ಉಜ್ಜಿದಷ್ಟೂ ನಷ್ಟ. ಇಂಗ್ಲಿಷಿನಲ್ಲಿ ಒಂದೇ ಫ್ರಿಕ್ಷನ್ ಪದ ಎರಡನ್ನೂ ನಿಭಾಯಿಸುತ್ತದೆ. ಕನ್ನಡದ ಕ್ರಿಯಾಪದಗಳು ಅಷ್ಟು ಸಡಿಲ ಅಲ್ಲ. ಇದನ್ನು ನಾನು ಕೊರತೆ ಎಂದು ನೋಡುವುದಿಲ್ಲ, ಇದು ನಮ್ಮ ಭಾಷೆಯ ಚುರುಕು.

ಉಜ್ಜುವುದು, ಹಿಡಿಯುವುದು ಈ ಎರಡೂ ಒಂದರ ಹಿಂದೊಂದು ನಡೆಯುವುದನ್ನು ನಾನು ಹತ್ತಿರದಿಂದ ನೋಡಿದ್ದು ಒಂದು ಫ್ರಿಕ್ಷನ್ ಸ್ಕ್ರೂ ಪ್ರೆಸ್ಸಿನಲ್ಲಿ. ಕಾದ ಲೋಹವನ್ನು ಪಡಿಯಚ್ಚಿನೊಳಗೆ ಗುದ್ದಿ ಆಕಾರ ಕೊಡುವ ಯಂತ್ರ ಅದು. ಮೇಲೆ ಒಂದು ಅಡ್ಡ ಅಚ್ಚು, ಅದರಲ್ಲಿ ಎದುರುಬದುರಾಗಿ ನಿಂತ ಎರಡು ದೊಡ್ಡ ತಟ್ಟೆಗಳು. ನಡುವೆ ಮಲಗಿರುವ ಭಾರದ ಗಾಲಿ, ಅದರ ಅಂಚಿಗೆ ಚರ್ಮದ ಪಟ್ಟಿ. ಗಾಲಿಯ ಕೆಳಗೆ ದಪ್ಪ ಸ್ಕ್ರೂ. ತಟ್ಟೆಗಳು ಸದಾ ತಿರುಗುತ್ತಲೇ ಇರುತ್ತವೆ. ಸನ್ನೆಕೋಲು ಒತ್ತಿದರೆ ಅಚ್ಚು ಒಂದು ಬದಿಗೆ ಜರುಗಿ, ಒಂದು ತಟ್ಟೆ ಗಾಲಿಗೆ ತಾಗುತ್ತದೆ. ಆ ಕ್ಷಣ ಒಂದು ಕೀರಲು ದನಿ, ಚರ್ಮ ಸುಟ್ಟ ವಾಸನೆ. ಮರುಕ್ಷಣ ದನಿ ನಿಲ್ಲುತ್ತದೆ. ಗಾಲಿ ತಟ್ಟೆಯ ಜೊತೆಗೇ ತಿರುಗುತ್ತಾ ಸ್ಕ್ರೂ ಕೆಳಗಿಳಿಯಲು ಶುರು. ದನಿ ಇದ್ದಷ್ಟು ಹೊತ್ತು ಉಜ್ಜಾಟ. ದನಿ ನಿಂತ ಮೇಲೆ ಹಿಡಿತ.

ಅಲ್ಲಿ ಇನ್ನೊಂದು ಸೊಗಸಿದೆ. ಗಾಲಿ ಕೆಳಗಿಳಿದ ಹಾಗೆ ತಟ್ಟೆಯ ನಡುವಿನಿಂದ ಅಂಚಿನ ಕಡೆಗೆ ಹೋಗುತ್ತದೆ. ಹಾಗಾಗಿ ಯಾರೂ ಏನೂ ಮಾಡದೆ ಅದರ ವೇಗ ಏರುತ್ತಾ ಹೋಗುತ್ತದೆ, ಗುದ್ದು ಬೀಳುವ ಹೊತ್ತಿಗೆ ಅತಿ ಜಾಸ್ತಿ ಆಗಿರುತ್ತದೆ. ಮೇಲೆತ್ತುವಾಗ ಇನ್ನೊಂದು ತಟ್ಟೆ ತಾಗುತ್ತದೆ. ಆಗ ಅಂಚಿನಿಂದ ನಡುವಿಗೆ ಪಯಣ, ವೇಗ ತಾನಾಗಿ ಇಳಿಯುತ್ತದೆ. ವೇಗ ಬದಲಿಸಲು ಬೇರೆ ಏರ್ಪಾಡೇ ಬೇಡ.

ಸರಿ, ‘ಹಿಡಿತ’ ಎಂದೇ ಇಟ್ಟುಕೊಳ್ಳೋಣ ಎನಿಸಿತು. ‘ಬ್ರೇಕ್ ಹಿಡೀತಿಲ್ಲ’ ಎಂದು ಎಲ್ಲರೂ ಹೇಳುತ್ತೇವಲ್ಲ. ಆದರೆ ಆ ರಿಪೇರಿ ಗೆಳೆಯರು ಅದಕ್ಕೂ ತಲೆ ಅಲ್ಲಾಡಿಸಿದರು. ‘ಇಂಜಿನ್ ಹಿಡ್ಕೊಂಡಿದೆ’, ‘ಬೇರಿಂಗ್ ಹಿಡ್ಕೊಂಡಿದೆ’ ಎಂದರೆ ಅದು ತಿರುಗದೆ ಕಚ್ಚಿಕೊಂಡು ನಿಂತಿದೆ ಎಂದರ್ಥ. ‘ಹಿಡಿತದ ಗಾಲಿ’ ಎಂದರೆ ನಿಂತುಹೋದ ಗಾಲಿ ಎಂದುಕೊಂಡಾರು. ‘ಕಚ್ಚು’ ಹೇಗೆ? ಅದನ್ನು ಹಲ್ಲಿನ ಚಕ್ರಗಳಿಗೇ ಬಿಟ್ಟುಕೊಡುವುದು ಒಳ್ಳೆಯದು. ಹಲ್ಲಿದ್ದವು ಕಚ್ಚಲಿ.

ಕೊನೆಗೆ ಮನಸ್ಸು ನಿಂತದ್ದು ‘ಒತ್ತು’ ಎಂಬಲ್ಲಿ. ಈ ಸಾಧನದಲ್ಲಿ ಮನುಷ್ಯ ಮಾಡುವ ಕೆಲಸ ಅದೊಂದೇ. ಎಷ್ಟು ಒತ್ತಿದರೆ ಅಷ್ಟು ಹಿಡಿತ. 50 ಕೆ.ಜಿ. ಭಾರದಷ್ಟು ಒತ್ತಿ, ಘರ್ಷಣಾಂಕ (ಒತ್ತಿದ್ದರಲ್ಲಿ ಎಷ್ಟು ಪಾಲು ಹಿಡಿತವಾಗುತ್ತದೆ ಎಂಬ ಅಳತೆ) 0.4 ಇದ್ದರೆ, 20 ಕೆ.ಜಿ. ಭಾರದಷ್ಟು ಎಳೆತದವರೆಗೆ ಗಾಲಿ ಜಾರುವುದಿಲ್ಲ. ಅದನ್ನು ಮೀರಿದರೆ ಜಾರುತ್ತದೆ. ಇಲ್ಲಿ ‘ಘರ್ಷಣಾಂಕ’ವನ್ನು ನಾನು ಹಾಗೇ ಉಳಿಸಿಕೊಂಡೆ. ಅದು ಶಾಲೆಯ ಪುಸ್ತಕದಿಂದ ಬಂದ, ಅಳತೆಗೆ ಕಟ್ಟಿದ ಪದ. ನನ್ನ ತಕರಾರು ಸಾಧನದ ಹೆಸರಿನ ಬಗ್ಗೆ ಮಾತ್ರ. ಗಾಲಿಗೆ ‘ಒತ್ತುಗಾಲಿ’ ಎಂದರೆ ಹೇಗೆ? ಕೇಳಿದ ಕೂಡಲೇ ಯಾವುದಕ್ಕೋ ಒತ್ತಿಕೊಂಡು ನಿಂತ ಗಾಲಿ ಕಣ್ಣಿಗೆ ಬರುತ್ತದೆ. ಸೈಕಲ್ಲಿನ ಟೈರಿಗೆ ತಾಗಿ ತಿರುಗುವ ಡೈನಮೋದ ತಲೆ ಒತ್ತುಗಾಲಿಯೇ. ಹೊಲಿಗೆ ಯಂತ್ರದಲ್ಲಿ ಬಾಬಿನ್ನಿಗೆ ನೂಲು ಸುತ್ತುವ ಪುಟ್ಟ ರಬ್ಬರು ಗಾಲಿಯೂ ಅದೇ.

ಡಿಸ್ಕಿಗೆ ಬಿಲ್ಲೆಯೋ ತಟ್ಟೆಯೋ ಎಂಬುದು ಇನ್ನೊಂದು ಪ್ರಶ್ನೆ. ‘ಚಕ್ರ’ ಬೇಡವೇ ಬೇಡ. ಚಕ್ರ ಕೆಲಸ ಮಾಡುವುದು ಅಂಚಿನಲ್ಲಿ, ಇದು ಕೆಲಸ ಮಾಡುವುದು ಮುಖದಲ್ಲಿ. ಎರಡಕ್ಕೂ ಚಕ್ರ ಎಂದರೆ ಓದುಗ ಎರಡು ಚಕ್ರಗಳು ಅಂಚಿಗೆ ಅಂಚು ತಾಗಿಸಿಕೊಂಡಿವೆ ಎಂದುಕೊಳ್ಳುತ್ತಾನೆ, ಅಲ್ಲಿಂದ ಮುಂದೆ ಒಂದು ಸಾಲೂ ಅರ್ಥವಾಗುವುದಿಲ್ಲ. ಬಿಲ್ಲೆ ಎಂದರೆ ಅಂಗೈಯಲ್ಲಿ ಹಿಡಿಸುವ ಚಿಕ್ಕ ವಸ್ತು ನೆನಪಾಗುತ್ತದೆ. ತಟ್ಟೆಗೆ ಸುತ್ತ ಎದ್ದ ಅಂಚು ಇರುತ್ತದೆ, ನಿಜ. ಆದರೂ ಗಾತ್ರ ಮತ್ತು ಅಗಲವಾದ ಮುಖ ಎರಡೂ ತಟ್ಟೆಯಲ್ಲೇ ಚೆನ್ನಾಗಿ ಕಾಣುತ್ತವೆ. ನಾನು ತಟ್ಟೆಯ ಕಡೆಗೆ.

‘ಚಾಲನೆ’ಯನ್ನು ಬಿಟ್ಟೆ. ಚಾಲಕ ಎಂದ ಕೂಡಲೇ ವಾಹನ ಓಡಿಸುವವರು ಬಂದು ಕೂರುತ್ತಾರೆ. ಇಲ್ಲಿ ಕನ್ನಡದ ‘ಇಸು’ ಎಷ್ಟು ಚೆನ್ನಾಗಿ ಒದಗುತ್ತದೆ ನೋಡಿ. ತಿರುಗು, ತಿರುಗಿಸು. ತಿರುಗಿಸುವ ತಟ್ಟೆ, ತಿರುಗುವ ಗಾಲಿ. ಡ್ರೈವರ್ ಯಾವುದು, ಡ್ರಿವನ್ ಯಾವುದು ಎಂದು ವಿವರಿಸುವ ಕೆಲಸವೇ ಇಲ್ಲ.

ಈ ಜೋಡಿ ಸುಮ್ನೆ ಅಂದಕ್ಕಲ್ಲ, ಕೆಲಸಕ್ಕೂ ಬೇಕು. ಎರಡರಲ್ಲಿ ಮೆತ್ತಗಿರುವುದು ಯಾವುದಾಗಿರಬೇಕು ಎಂಬುದಕ್ಕೆ ಒಂದು ಹಳೆಯ ನಿಯಮ ಇದೆ: ತಿರುಗಿಸುವುದು ಮೆತ್ತಗಿರಲಿ, ತಿರುಗುವುದು ಗಟ್ಟಿಯಿರಲಿ. ಯಾಕೆ ಗೊತ್ತಾ? ಭಾರ ಜಾಸ್ತಿಯಾಗಿ ತಿರುಗುವ ಗಾಲಿ ನಿಂತುಬಿಟ್ಟರೂ ತಿರುಗಿಸುವುದು ತಿರುಗುತ್ತಲೇ ಇರುತ್ತದೆ. ಗಾಲಿಯ ಅಂಚು ಮೆತ್ತಗಿದ್ದರೆ ಒಂದೇ ಜಾಗದಲ್ಲಿ ತೇಯ್ದು ಅಲ್ಲಿ ಚಪ್ಪಟೆ ಬೀಳುತ್ತದೆ. ಮೆತ್ತಗಿರುವುದು ತಿರುಗಿಸುವ ಕಡೆ ಇದ್ದರೆ ಸುತ್ತಲೂ ಸಮವಾಗಿ ಸವೆಯುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಲ್ಯಾಂಬರ್ಟ್, ಕಾರ್ಟರ್‌ಕಾರ್, ಮೆಟ್ಜ್ ಎಂಬ ಕಾರುಗಳು ಇದೇ ತಟ್ಟೆ–ಗಾಲಿಯ ಮೇಲೆ ಓಡಿದವು. ಕಾರ್ಟರ್‌ಕಾರ್ ಕಂಪನಿಯನ್ನು ಜನರಲ್ ಮೋಟರ್ಸ್ 1909ರಲ್ಲಿ ಕೊಂಡುಕೊಂಡಿತು. ಅವುಗಳಲ್ಲಿ ಲೋಹದ ತಟ್ಟೆ ತಿರುಗಿಸುತ್ತಿತ್ತು, ಮೆತ್ತನೆಯ ಅಂಚಿನ ಗಾಲಿ ತಿರುಗುತ್ತಿತ್ತು. ಅಂದರೆ ನಿಯಮಕ್ಕೆ ಉಲ್ಟಾ. ಎಲ್ಲಾದರೂ ಸಿಕ್ಕಿಕೊಂಡು ಗಾಲಿ ನಿಂತರೆ ಚಪ್ಪಟೆ ಬೀಳುವ ಭಯ ಇದ್ದೇ ಇತ್ತು.

ಜಾರಲೇಬಾರದ ಕಡೆಯೂ ಈ ಸಾಧನ ದುಡಿದಿದೆ. ಜೇಮ್ಸ್ ಥಾಮ್ಸನ್ 1876ರಲ್ಲಿ ಪ್ರಕಟಿಸಿದ ಲೆಕ್ಕದ ಯಂತ್ರದಲ್ಲಿ ತಿರುಗುವ ತಟ್ಟೆಯ ಮೇಲೆ ಒಂದು ಗುಂಡು ಉರುಳುತ್ತದೆ. ಅವರ ತಮ್ಮ ಲಾರ್ಡ್ ಕೆಲ್ವಿನ್ ಅದನ್ನು ಸಮುದ್ರದ ಉಬ್ಬರವಿಳಿತದ ಲೆಕ್ಕಕ್ಕೆ ಬಳಸಿಕೊಂಡರು. 1931ರ ಹೊತ್ತಿಗೆ ಎಂಐಟಿಯಲ್ಲಿ ವ್ಯಾನೆವರ್ ಬುಷ್ ಕಟ್ಟಿದ ಡಿಫರೆನ್ಷಿಯಲ್ ಅನಲೈಸರ್ ಎಂಬ ಲೆಕ್ಕದ ಯಂತ್ರದಲ್ಲೂ ತಟ್ಟೆಯ ಮೇಲೆ ನಿಂತ ಗಾಲಿಯೇ ಅನುಕಲನ (ಇಂಟಿಗ್ರೇಷನ್) ಮಾಡುತ್ತಿತ್ತು. ಅಲ್ಲಿ ಗಾಲಿ ಕೂದಲೆಳೆಯಷ್ಟು ಜಾರಿದರೂ ಉತ್ತರ ತಪ್ಪು. ಹಾಗಾಗಿ ಗಾಲಿಯ ಮೇಲೆ ಭಾರವನ್ನೇ ಹೇರದೆ, ತಿರುಚುಬಲ ಹೆಚ್ಚಿಸಲು ಬೇರೆ ಏರ್ಪಾಡು ಮಾಡಿದ್ದರು. ಇದನ್ನು ‘ಉಜ್ಜುವ ಸಾಧನ’ ಎಂದು ಕರೆಯಲು ನನ್ನಿಂದಾಗದು.

‘ಕಂಟಿನ್ಯುಯಸ್ಲಿ ವೇರಿಯಬಲ್ ಸ್ಪೀಡ್’ ಕಡೆ ಇನ್ನೊಂದು ತೊಡಕು ಇದೆ. ‘ನಿರಂತರವಾಗಿ ಬದಲಾಗುವ ವೇಗ’ ಎಂದು ಬರೆಯುವುದನ್ನು ಹಲವು ಕಡೆ ನೋಡಿದ್ದೇನೆ. ನಾನೂ ಬರೆದಿದ್ದೆ. ಆದರೆ ಕನ್ನಡದಲ್ಲಿ ನಿರಂತರ ಎಂದರೆ ಬಿಡುವಿಲ್ಲದೆ, ಸದಾ. ಆ ಸಾಲನ್ನು ಓದಿದವರಿಗೆ ಈ ಯಂತ್ರದ ವೇಗ ಒಂದು ಕಡೆ ನಿಲ್ಲುವುದೇ ಇಲ್ಲ, ಬದಲಾಗುತ್ತಲೇ ಇರುತ್ತದೆ ಎನಿಸುತ್ತದೆ. ಹೇಳಬೇಕಾದದ್ದು ಅದಲ್ಲ. ಗೇರ್ ಪೆಟ್ಟಿಗೆಯಲ್ಲಿ ವೇಗಕ್ಕೆ ನಾಲ್ಕೋ ಐದೋ ಮೆಟ್ಟಿಲು, ನಡುವೆ ನಿಲ್ಲಲು ಜಾಗವಿಲ್ಲ. ಇಲ್ಲಿ ಇಳಿಜಾರಿನ ಹಾಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಅದಕ್ಕೇ ‘ಮೆಟ್ಟಿಲಿಲ್ಲದೆ ವೇಗ ಬದಲಿಸುವ’ ಎಂದು ತಿದ್ದಿದೆ. ಸ್ಕೂಟರಿನ ಸಿವಿಟಿ (ಇದೇ ಹಾಗೆ ಮೆಟ್ಟಿಲಿಲ್ಲದೆ ವೇಗ ಬದಲಿಸುವ ಏರ್ಪಾಡು) ಬಗ್ಗೆ ಬರೆಯುವವರಿಗೂ ಇದು ಉಪಯೋಗವಾದೀತು.

ಇಷ್ಟಕ್ಕೆಲ್ಲ ಒಂದು ದಾರಿ ಸಿಕ್ಕಿತು. ಸಿಗದೆ ಉಳಿದವು ಎರಡು.

ಮೊದಲನೆಯದು ಸ್ಲಿಪ್ ಮತ್ತು ಕ್ರೀಪ್. ಹಿಡಿತ ಪೂರ್ತಿ ತಪ್ಪಿ ಗಾಲಿ ನಿಂತಲ್ಲೇ ತೇಯುವುದು ಸ್ಲಿಪ್. ಅದಕ್ಕೆ ‘ಜಾರು’ ಸರಿ. ಆದರೆ ಹಿಡಿತ ಚೆನ್ನಾಗಿದ್ದಾಗಲೂ ರಬ್ಬರು ಹಿಗ್ಗಿ ಕುಗ್ಗುವುದರಿಂದ ಗಾಲಿ ಲೆಕ್ಕಕ್ಕಿಂತ ಒಂಚೂರು ಹಿಂದೆ ಬೀಳುತ್ತದೆ. ಅದು ಕ್ರೀಪ್. ಇದು ಕೆಡುಕಲ್ಲ, ಸಹಜ. ಇದಕ್ಕೆ ‘ಜರುಗು’ ಎಂದರೆ? ‘ಒಂಚೂರು ಜರುಗಿ’ ಎನ್ನುವಾಗ ಇರುವ ಅಲ್ಪ ಚಲನೆ ಅದರಲ್ಲಿದೆ. ಜಾರು–ಜರುಗು ಜೋಡಿಯಾಗಿ ನೆನಪಿನಲ್ಲೂ ಉಳಿಯುತ್ತದೆ. ಆದರೆ ‘ಸಭೆ ಜರುಗಿತು’ ಎಂಬ ಪತ್ರಿಕೆಯ ಬಳಕೆ ಅಡ್ಡ ಬರುತ್ತದೆಯೇ?

ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿದೆ. ಇದೇ ತಟ್ಟೆ–ಗಾಲಿಯ ಹೊಸ ತಲೆಮಾರಿನಲ್ಲಿ ಎರಡು ಉಕ್ಕಿನ ಮೈಗಳ ನಡುವೆ ಬೇಕೆಂದೇ ಎಣ್ಣೆ ಇರುತ್ತದೆ. ಲೋಹ ಲೋಹಕ್ಕೆ ತಾಗುವುದೇ ಇಲ್ಲ. ವಿಪರೀತ ಒತ್ತಡದಲ್ಲಿ ಆ ತೆಳು ಎಣ್ಣೆಪದರ ಗಟ್ಟಿ ವಸ್ತುವಿನ ಹಾಗೆ ವರ್ತಿಸಿ, ಒಂದರ ಸೆಳೆತವನ್ನು ಇನ್ನೊಂದಕ್ಕೆ ದಾಟಿಸುತ್ತದೆ. 1999ರಲ್ಲಿ ನಿಸ್ಸಾನ್ ಕಾರಿನಲ್ಲಿ ಬಂದ, ವೇಗ ಬದಲಿಸುವ ಎಕ್ಸ್‌ಟ್ರಾಯ್ಡ್ ಎಂಬ ಏರ್ಪಾಡು ಈ ಬಗೆಯದು. ಇಂಗ್ಲಿಷಿನಲ್ಲಿ ಇದಕ್ಕೆ ಫ್ರಿಕ್ಷನ್ ಎನ್ನದೆ ಟ್ರ್ಯಾಕ್ಷನ್ ಡ್ರೈವ್ ಎನ್ನುತ್ತಾರೆ. ಎಳೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ‘ಎಳೆತ’ ಎಂದರೆ ಹಗ್ಗ ಕಣ್ಣಿಗೆ ಬರುತ್ತದೆ. ‘ಸೆಳೆತ’ ಎಂದರೆ ನದಿಯ ನೀರು. ಎಣ್ಣೆಯ ವಿಷಯದಲ್ಲಿ ನೀರಿನ ನೆನಪು ಬರುವುದು ಅಷ್ಟೇನೂ ತಪ್ಪಲ್ಲ ಅನಿಸುತ್ತದೆ. ಆದರೆ ಎಣ್ಣೆ ಎಂದರೆ ಜಾರಿಸುವುದು ಎಂದೇ ನಂಬಿರುವ ಓದುಗನಿಗೆ, ಹಿಡಿಸುವ ಎಣ್ಣೆ ಎಂಬುದನ್ನು ಒಂದೇ ಪದದಲ್ಲಿ ಮುಟ್ಟಿಸುವುದು ಹೇಗೆ? ಕೀಲಿಗೆ ಹಾಕುವುದು ಕೀಲೆಣ್ಣೆ. ಇದಕ್ಕೆ ‘ಸೆಳೆಯೆಣ್ಣೆ’ ಎಂದು ಬರೆದು, ಹೊಡೆದು, ಮತ್ತೆ ಬರೆದಿದ್ದೇನೆ. ಯಂತ್ರದ ಮನೆಯಲ್ಲಿ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದರೆ ದಯವಿಟ್ಟು ಬರೆಯಿರಿ. ಯಾವ ಕೆಲಸದ ಮಧ್ಯೆ, ಹೇಗೆ ಹೇಳಿದರು ಎಂಬುದನ್ನೂ ಸೇರಿಸಿ.