ಪದಚರ್ಚೆ: ಸಭೆಯ ತರಗತಿಗಳಿಗೆ ‘ಉಪದೇಶ’ ಎನ್ನಬಹುದೇ?

ಪ್ರಶ್ನೆ:

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಪಂಗಡದ ಸಭೆಯೊಂದರ ಫಲಕಕ್ಕೆ ಎಲ್ಲ ವಯಸ್ಸಿನವರ ತರಗತಿಗಳ ಪಟ್ಟಿ ಬರೆಯಬೇಕಾಗಿದೆ. ಈಗ ಅಲ್ಲಿರುವುದು ಸಂಡೇ ಸ್ಕೂಲ್, ಕನ್ಫರ್ಮೇಶನ್ ಕ್ಲಾಸ್ (ದೀಕ್ಷಾಸ್ನಾನ ಪಡೆದವರು ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ ಸಿದ್ಧತೆ), ಬೈಬಲ್ ಸ್ಟಡಿ. ಹೊಸ ಕರಡಿನಲ್ಲಿ ‘ಬಾಲೋಪದೇಶ’, ‘ದೃಢೀಕರಣ ತರಗತಿ’, ‘ವೇದಪಾಠ’ ಎಂದು ಹಾಕಲಾಗಿದೆ. ಮೂರಕ್ಕೂ ಆಕ್ಷೇಪ ಬಂದಿದೆ. ಕ್ರೈಸ್ತ ನಂಬಿಕೆಯ ಮೂಲಪಾಠವನ್ನು ಪ್ರಶ್ನೆ-ಉತ್ತರವಾಗಿ ಕಲಿಸುವ ಕ್ಯಾಟಿಕಿಸಂಗೆ ‘ಉಪದೇಶ’ ಸರಿಯಾದ ಪದವೇ? ಬಲ್ಲವರು ತಿಳಿಸಬೇಕು.

ಉತ್ತರ:

ಮೂರೂ ಒಳ್ಳೆಯ ಕನ್ನಡವೇ. ಆದರೆ ಫಲಕ ಓದುವವರು ಆ ಮಾತುಗಳನ್ನು ಬೇರೆಲ್ಲೋ ಕೇಳಿರುತ್ತಾರೆ, ತೊಡಕು ಅಲ್ಲಿದೆ.

‘ಬಾಲೋಪದೇಶ’ ಸತ್ಯವೇದದ, ಎಂದರೆ ಬೈಬಲಿನ, ಹಳೆಯ ಭಾಷಾಂತರದ್ದು. ಎಫೆಸದವರಿಗೆ ಬರೆದ ಪತ್ರಿಕೆಯ 6:4ರಲ್ಲಿ ‘ಬಾಲಶಿಕ್ಷೆ’, ‘ಬಾಲೋಪದೇಶ’ ಎರಡೂ ಜೋಡಿಯಾಗಿ ಬರುತ್ತವೆ. ಮೂಲದ ಗ್ರೀಕಿನಲ್ಲಿ ಮೊದಲನೆಯದು ‘ಪೈದೇಯಾ’, ಮಗುವನ್ನು ತಿದ್ದಿ ಬೆಳೆಸುವುದು. ಎರಡನೆಯದು ‘ನೌಥೆಸಿಯಾ’, ಬುದ್ಧಿ ಹೇಳಿ ಮನಸ್ಸಿಗೆ ಹತ್ತಿಸುವುದು. ಭಾಷಾಂತರಕಾರರು ಚೆನ್ನಾಗಿಯೇ ಆರಿಸಿದ್ದರು; ಆಗ ಬಾಲಶಿಕ್ಷೆ ಎಂದರೆ ಮಕ್ಕಳ ಕಲಿಕೆ. ಇಂದು ‘ಶಿಕ್ಷೆ’ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಬೆಂಚಿನ ಮೇಲೆ ನಿಲ್ಲುವುದು. ‘ಉಪದೇಶ’ ಅಷ್ಟು ಕೆಟ್ಟಿಲ್ಲ, ಆದರೆ ‘ನಿನ್ನ ಉಪದೇಶ ಸಾಕು’ ಎನ್ನುವ ಬಳಕೆ ಮನೆಮನೆಯಲ್ಲಿದೆ. ‘ಯುವಜನರಿಗೆ ಉಪದೇಶ, ಸಂಜೆ 5ಕ್ಕೆ’ ಎಂದು ಬರೆದರೆ ಎಷ್ಟು ಯುವಜನರು ಬಂದಾರು?

ಕಥೋಲಿಕರಲ್ಲಿ ‘ಧರ್ಮೋಪದೇಶ’ ರೂಢಿಯ ಮಾತು, ಅಲ್ಲಿ ಯಾವ ಮುಜುಗರವೂ ಇಲ್ಲ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಮಾತ್ರ ‘ಉಪದೇಶಿ’ ಎಂದರೆ ಸಭಾಪಾಲಕರ (ಪಾಸ್ಟರರ) ಕೈಕೆಳಗೆ ಹಳ್ಳಿಗಳ ಆರಾಧನೆ ನಡೆಸುವ ಸೇವಕರು. ‘ಉಪದೇಶ ತರಗತಿ’ ಎಂದರೆ ಉಪದೇಶಿಗಳ ತರಬೇತಿ ಎಂದು ತಿಳಿಯುವವರೂ ಇರುತ್ತಾರೆ.

ಇನ್ನು ಕ್ಯಾಟಿಕಿಸಂ. ಗ್ರೀಕಿನ ‘ಕಟೇಖೇಓ’ ಧಾತುವಿನಲ್ಲಿರುವುದು ಧ್ವನಿ: ಕಿವಿಗೆ ಬೀಳುವಂತೆ ಬಾಯಿಂದ ಕಲಿಸುವುದು. ಗುರು ಕೇಳಬೇಕು, ಶಿಷ್ಯ ಒಪ್ಪಿಸಬೇಕು. ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರನ 1529ರ ಕಿರು ಕ್ಯಾಟಿಕಿಸಂನಲ್ಲಿ ಒಂದೊಂದು ಆಜ್ಞೆಯಾದ ಮೇಲೂ ‘ಹಾಗೆಂದರೇನು?’ ಎಂಬ ಅದೇ ಪ್ರಶ್ನೆ ಮರಳಿ ಬರುತ್ತದೆ. ಆದ್ದರಿಂದ ಪುಸ್ತಕಕ್ಕೆ ‘ಪ್ರಶ್ನೋತ್ತರ’ವೇ ಹೊಂದುವ ಹೆಸರು. ತರಗತಿಗೆ ಆ ಹೆಸರು ಬೇಡ, ಕ್ವಿಜ್ ಅಂದುಕೊಳ್ಳುತ್ತಾರೆ.

‘ದೃಢೀಕರಣ’ದ ಮೇಲಿನ ಆಕ್ಷೇಪದಲ್ಲಿ ಅರ್ಧ ಹುರುಳಿದೆ. ಪದ ಸಭೆಯದ್ದೇ, ಎರಡೂ ಪಂಗಡಗಳಿಗೆ ಗೊತ್ತು. ಆದರೆ ತಾಲ್ಲೂಕು ಕಚೇರಿಗೆ ಹೋಗಿಬಂದವರಿಗೆಲ್ಲ ‘ದೃಢೀಕರಣ ಪತ್ರ’, ‘ದೃಢೀಕರಿಸಿದ ನಕಲು’ ಗೊತ್ತು. ‘ದೃಢೀಕರಣಕ್ಕೆ ಸಿದ್ಧತೆ’ ಎಂದು ಬಿಡಿಸಿ ಬರೆದರೆ ಕಚೇರಿಯ ವಾಸನೆ ಹೋಗುತ್ತದೆ. ಕ್ರಿಯಾಪದವೂ ಮುಖ್ಯ. ‘12 ಮಂದಿಯನ್ನು ದೃಢೀಕರಿಸಲಾಯಿತು’ ಎಂದರೆ ಮೊಹರು ಒತ್ತಿದ ಹಾಗೆ. ‘12 ಮಂದಿ ದೃಢೀಕರಣ ಹೊಂದಿದರು’ ಎಂದರೆ ಸರಿಹೋಯಿತು. ಬಿಷಪರು ತಲೆಯ ಮೇಲೆ ಕೈಯಿಡುವುದಕ್ಕೆ ‘ಹಸ್ತಾರ್ಪಣೆ’ ಎಂಬ ಮಾತು ಇದ್ದೇ ಇದೆ, ವರದಿಯಲ್ಲಿ ಅದನ್ನು ಬಳಸಿ.

‘ವೇದಪಾಠ’ವನ್ನು ಬಿಟ್ಟುಬಿಡಿ. ಹೊರಗಿನವರಿಗೆ ಅದು ವೇದಪಾಠಶಾಲೆ. ಒಳಗಿನವರಿಗೂ ಗೊಂದಲ, ಏಕೆಂದರೆ ಆರಾಧನೆಯಲ್ಲಿ ಓದುವ ವೇದಭಾಗಕ್ಕೂ ‘ಪಾಠ’ವೆನ್ನುತ್ತೇವೆ. ‘ಈ ವಾರ ಪಾಠ ಯಾರದು?’ ಎಂದು ಕೇಳಿದರೆ ಓದುವವರೂ ಕೈಯೆತ್ತುತ್ತಾರೆ, ಕಲಿಸುವವರೂ ಕೈಯೆತ್ತುತ್ತಾರೆ. ಕಥೋಲಿಕರು ಓದಿಗೆ ‘ವಾಚನ’ ಎಂದು ಬೇರೆ ಪದವಿಟ್ಟು ಈ ತಕರಾರು ತಪ್ಪಿಸಿಕೊಂಡಿದ್ದಾರೆ. ದೊಡ್ಡವರ ತರಗತಿಗೆ ‘ಸತ್ಯವೇದ ಅಧ್ಯಯನ’ ಸಾಕು.

ಮಕ್ಕಳದ್ದು ‘ಭಾನುವಾರ ಶಾಲೆ’ಯೇ ಇರಲಿ, ಬಾಯಲ್ಲಿ ಸಂಡೇ ಸ್ಕೂಲೇ ಉಳಿಯುತ್ತದೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ ತೆರೆದದ್ದು ನಿಜಕ್ಕೂ ಶಾಲೆ. ವಾರವೆಲ್ಲ ದುಡಿಯುವ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ, ಅಂದು ಓದು ಕಲಿಸುತ್ತಿದ್ದರು. ಆ ‘ಶಾಲೆ’ ಎಂಬ ಹೆಸರು ದೊಡ್ಡವರ ತರಗತಿಗೆ ಅಂಟಿದರೆ ಮಾತ್ರ ಅರವತ್ತು ದಾಟಿದವರು ‘ನಮಗಿನ್ನೇನು ಶಾಲೆ’ ಎಂದು ಹೊರಗೇ ನಿಲ್ಲುತ್ತಾರೆ.

ಇನ್ನೊಂದು ಉತ್ತರ:

ಮೇಲಿನದಕ್ಕೆ ಸಮ್ಮತಿ. ಫಲಕದ ಜೊತೆಗೆ ಮಕ್ಕಳು ಬಾಯಿಪಾಠ ಮಾಡಬೇಕಾದ ಬೈಬಲ್ ಮಾತುಗಳ ಪಟ್ಟಿಯನ್ನೂ ಒಮ್ಮೆ ನೋಡಿ, ನಿಜವಾದ ಎಡವಟ್ಟು ಅಲ್ಲಿ ಆಗುತ್ತದೆ.

‘ವಾಕ್ಯ’ ಎಂದರೆ ಶಾಲೆಯ ವ್ಯಾಕರಣದಲ್ಲಿ ಒಂದು, ‘ದೇವರ ವಾಕ್ಯ’ದಲ್ಲಿ ಇನ್ನೊಂದು. ‘ಮೂರು ವಾಕ್ಯ ಕಲಿತು ಬಾ’ ಎಂದರೆ ಕೆಲವು ಮಕ್ಕಳು ಪೂರ್ಣವಿರಾಮ ಎಣಿಸಿ ಮೂರು ಕಲಿತು ಬರುತ್ತಾರೆ. ಒಂದೇ ಸಂಖ್ಯೆಯಡಿ ಎರಡು ವಾಕ್ಯಗಳಿರುವುದೂ ಉಂಟು. ಸಂಖ್ಯೆಯಿಂದ ಗುರುತಿಸುವುದಕ್ಕೆ ‘ವಚನ’ ಎನ್ನಿ.

ಅಂಕಿ ಎಲ್ಲಿ ಕೂರುತ್ತದೆ ಎಂಬುದನ್ನೂ ಹೇಳಿಕೊಡಬೇಕು. ಪಟ್ಟಿಯಲ್ಲಿ ‘1 ಯೋಹಾನ 4:8’ ಎಂದಿದ್ದರೆ ಮಗು ಮುಂದಿನ 1ನ್ನು ಕ್ರಮಸಂಖ್ಯೆ ಅಂದುಕೊಂಡು ಯೋಹಾನನ ಸುವಾರ್ತೆಯ 4:8ನ್ನು ತೆಗೆಯುತ್ತದೆ. ದೇವರು ಪ್ರೀತಿಸ್ವರೂಪಿ ಎಂಬ ಮಾತಿನ ಬದಲು ಶಿಷ್ಯರು ಊಟದ ಸಾಮಾನು ಕೊಳ್ಳಲು ಊರೊಳಗೆ ಹೋದದ್ದನ್ನು ಶ್ರದ್ಧೆಯಿಂದ ಒಪ್ಪಿಸುತ್ತದೆ. ‘ಯೋಹಾನನ ಮೊದಲನೆಯ ಪತ್ರಿಕೆ, 4ನೆಯ ಅಧ್ಯಾಯ, 8ನೆಯ ವಚನ’ ಎಂದು ಪೂರ್ತಿ ಬರೆಯಿರಿ, ಜಾಗ ಹೆಚ್ಚು ಹಿಡಿದರೂ ಚಿಂತೆಯಿಲ್ಲ. ಕಥೋಲಿಕ ಅನುವಾದ ಬಳಸುವ ಮನೆಯ ಮಕ್ಕಳೂ ಬರುತ್ತಿದ್ದರೆ ಅಲ್ಲಿ ಈ ಹೆಸರು ‘ಯೊವಾನ್ನ’, ಅಪೊಸ್ತಲರು ‘ಪ್ರೇಷಿತರು’, ಸುವಾರ್ತೆ ‘ಶುಭಸಂದೇಶ’ ಎಂಬುದು ಕಲಿಸುವವರಿಗೆ ತಿಳಿದಿರಬೇಕು.

ದಶಾಜ್ಞೆಗಳನ್ನು ಸಂಖ್ಯೆಯಿಂದ ಕರೆಯಬೇಡಿ. ಆಂಗ್ಲಿಕನ್ ಎಣಿಕೆಯಲ್ಲಿ ಆರನೆಯದು ‘ನರಹತ್ಯ ಮಾಡಬಾರದು’; ಕಥೋಲಿಕರ ಮತ್ತು ಲೂಥರನ್ನರ ಎಣಿಕೆಯಲ್ಲಿ ಆರನೆಯದು ‘ವ್ಯಭಿಚಾರ ಮಾಡಬಾರದು’. ಅವರು ವಿಗ್ರಹದ ಮಾತನ್ನು ಮೊದಲನೆಯದಕ್ಕೇ ಸೇರಿಸಿ, ಕೊನೆಯ ‘ಆಶಿಸಬಾರದು’ ಎಂಬುದನ್ನು ಎರಡು ಮಾಡುತ್ತಾರೆ. ಹೀಗಾಗಿ ನಡುವಿನದೆಲ್ಲ ಒಂದೊಂದು ಸಂಖ್ಯೆ ಹಿಂದೆ ಸರಿಯುತ್ತದೆ. ಎರಡು ಕಡೆಯ ಪ್ರಶ್ನೋತ್ತರಗಳನ್ನು ಬೆರೆಸಿ ಪಾಠ ತಯಾರಿಸಿದರೆ ಪರೀಕ್ಷೆಯಲ್ಲಿ ಸರಿ ಬರೆದ ಮಗುವಿಗೇ ಅಂಕ ಹೋಗುತ್ತದೆ.

ಕರಾವಳಿಯ ಸಭೆಯಾದರೆ ಇನ್ನೊಂದು: ಮಕ್ಕಳಿಗೆ ಮಾಡುವ ಬೋಧನೆಯನ್ನು ‘ಮಕ್ಕಳ ಪ್ರಸಂಗ’ ಎಂದು ಫಲಕದಲ್ಲಿ ಬರೆಯುವ ಮುನ್ನ ಯೋಚಿಸಿ. ಅಲ್ಲಿ ಪ್ರಸಂಗವೆಂದರೆ ಯಕ್ಷಗಾನ, ಜನ ಚೆಂಡೆಯ ಸದ್ದಿಗೆ ಕಾಯುತ್ತಾರೆ. ‘ಮಕ್ಕಳಿಗೆ ಸಂದೇಶ’ ಎಂದರೆ ಸಾಕು.