ಬಳ್ಳಾರಿ ಬಿಸಿಲಿನಲ್ಲಿ ಫಿಲ್ಮ್ ಡೆವಲಪ್: ನೆಗೆಟಿವ್ ಮೇಲೆ ಬಿರುಕು ಯಾಕೆ?

ಪ್ರಶ್ನೆ (ಬಳ್ಳಾರಿ):
35 ಎಂಎಂ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್, ಡಿ-76 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ), ಅಷ್ಟೇ ನೀರು ಬೆರೆಸಿ (1+1). ಡೆವಲಪರ್ ಒಳಗೇ ಐಸ್ ಹಾಕಿ 20 ಡಿಗ್ರಿಗೆ ಇಳಿಸಿ 11 ನಿಮಿಷ ಕೊಟ್ಟೆ. ತೊಳೆದದ್ದು ಮಾಳಿಗೆ ಮೇಲಿನ ಟ್ಯಾಂಕಿನ ನೀರಲ್ಲಿ, ಅಳೆದರೆ 37. ನೆಗೆಟಿವ್ ತುಂಬ ಒಣಗಿದ ಕೆರೆಯಂಗಳದಂಥ ಸಣ್ಣ ಬಿರುಕು, ಅಲ್ಲಲ್ಲಿ ಬಿಳಿ ಕಲೆ. ಪ್ರಿಂಟ್ ಹಾಕಿದರೆ ಅಂಚು ಕೂಡ ಬೂದು. ಡೆವಲಪರ್ ಕೆಟ್ಟಿದೆಯಾ?

ಉತ್ತರ 1 (ರಾಯಚೂರು):
ಡೆವಲಪರ್ ತಪ್ಪಲ್ರಿ. ಫಿಲ್ಮಿನ ಮೇಲಿನ ಜೆಲಾಟಿನ್ ಪದರ (ಚಿತ್ರ ಇರೋದು ಇದರಾಗ) ನೀರು ಕುಡಿದು ಉಬ್ಬಿರ್ತದ. 20ರಿಂದ ಒಮ್ಮೆಲೇ 37ಕ್ಕೆ ಹಾಕಿದ್ರ ಪದರ ಸುಕ್ಕುಗಟ್ಟಿ ಹಿಂಗಾಗ್ತದ. ಆಗಿದ್ದು ಆಯ್ತು, ಅದು ಸರಿಹೋಗಂಗಿಲ್ಲ.

ಈ ಬಿಸಿಲಾಗ 20ರ ಬೆನ್ನು ಹತ್ತಬ್ಯಾಡ್ರಿ. ಎಲ್ಲಾ 24ಕ್ಕೆ ಇಟ್ಕೊಳ್ರಿ. 11 ನಿಮಿಷದ್ದು ಸುಮಾರು ಏಳೂಮುಕ್ಕಾಲು ನಿಮಿಷ ಆಗ್ತದ. ಅದಕ್ಕಿಂತ ಬಿಸಿ ಮಾಡಿ ಹೊತ್ತು 5 ನಿಮಿಷದ ಕೆಳಗ ಇಳಿದ್ರ ಫೋಟೋದ ಆಕಾಶದಾಗ ಪಟ್ಟೆ ಪಟ್ಟೆ ಬರ್ತಾವ. ಐಸ್ ಒಳಗ ಹಾಕಿದ್ರ ಡೆವಲಪರ್ ತೆಳ್ಳಗಾಗ್ತದ. ದೊಡ್ಡ ಬುಟ್ಟಿಯಾಗ ನೀರು ತುಂಬಿ, ಫ್ರೀಜರ್‌ನಾಗ ಗಟ್ಟಿ ಮಾಡಿದ ಬಾಟ್ಲಿ ತೇಲಿಬಿಟ್ಟು, ಡೆವಲಪರ್, ಸ್ಟಾಪ್ (ಡೆವಲಪ್ ನಿಲ್ಲಿಸೋ ದ್ರಾವಣ), ಫಿಕ್ಸರ್ (ಚಿತ್ರ ಬೆಳಕಿಗೆ ಕೆಡದಂಗ ಮಾಡೋ ದ್ರಾವಣ), ತೊಳೆಯೋ ನೀರು ನಾಲ್ಕನ್ನೂ ಅದರಾಗೇ ಕೂಡಿಸ್ರಿ.

ತೊಳೆಯಾಕ ನಳ ಬಿಡೋದೂ ಬ್ಯಾಡ. ಗಟ್ಟಿ ಮಾಡೋ ಅಂಶ ಇಲ್ಲದ ಫಿಕ್ಸರ್ ಇದ್ರ ಫಿಲ್ಮ್ ಇರೋ ಡೆವಲಪಿಂಗ್ ಟ್ಯಾಂಕ್ ತುಂಬಿ 5 ಸಲ ಬುಡಮೇಲು ಮಾಡಿ ಚೆಲ್ರಿ, ಮತ್ತ ತುಂಬಿ 10, ಮತ್ತ 20. 300 ಎಂಎಲ್ ಟ್ಯಾಂಕಿಗೆ ಒಂದು ಲೀಟರ್ ಒಳಗ ಮುಗೀತು. ಅಷ್ಟು ನೀರು ತಣ್ಣಗ ಮಾಡೋದೇನು ಕಷ್ಟ?

ಉತ್ತರ 2 (ಕೊಪ್ಪಳ):
ಬಿಳಿ ಕಲೆ ಎರಡು ಥರ. ಹನಿ ಒಣಗಿದ ಉಂಗುರದಂತಿದ್ದರೆ ಬೋರ್‌ವೆಲ್ ಸುಣ್ಣ. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ ಮತ್ತೆ ಒಣಗಿಸಿ, ಬಹುಪಾಲು ಹೋಗುತ್ತದೆ. ಮುಂದಿನ ರೋಲಿಗೆ ಕೊನೆಯ ನೀರು ಅದೇ ಇರಲಿ, ವೆಟ್ಟಿಂಗ್ ಏಜೆಂಟ್ (ನೀರು ಹನಿಗಟ್ಟದೆ ಜಾರಿಹೋಗುವಂತೆ ಮಾಡುವ ದ್ರವ) ಎರಡೇ ಹನಿ. ಹಾಲಿನಂತೆ ಮಸುಕಾಗಿದ್ದರೆ ಫಿಕ್ಸ್ ಸಾಲದು, ಬೆಳಕಲ್ಲೇ ಮತ್ತೆ ಫಿಕ್ಸ್ ಮಾಡಬಹುದು. ಡೆವಲಪ್ ಮಾಡದ ಫಿಲ್ಮಿನ ಮೊದಲ ತುಂಡನ್ನು ಫಿಕ್ಸರ್‌ಗೆ ಹಾಕಿ ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ನೋಡಿ. ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಬೇಕು.

ಒಣಗಿಸುವಾಗ ಫ್ಯಾನ್ ಬೇಡವೇ ಬೇಡ. ನಿಮ್ಮೂರ ಕೆಂಧೂಳು ಹಸಿ ಫಿಲ್ಮಿಗೆ ಅಂಟಿದರೆ ಬಿಡುವುದಿಲ್ಲ. ಬಚ್ಚಲುಮನೆಯ ನೆಲ, ಗೋಡೆಗೆ ನೀರು ಹೊಡೆದು ಬಾಗಿಲು ಮುಚ್ಚಿ ಒಳಗೆ ನೇತುಹಾಕಿ.

ಉತ್ತರ 3 (ಸಿಂಧನೂರು):
ಅಂಚೂ ಬೂದು ಅಂದರೆ ನೆಗೆಟಿವ್‌ಗೆ ಸಂಬಂಧವಿಲ್ಲ, ಪೇಪರ್‌ಗೆ ಎಲ್ಲೋ ಬೆಳಕು ಅಥವಾ ಶಾಖ ತಾಗಿದೆ. ಡಾರ್ಕ್‌ರೂಮಿನ ಕೆಂಪು ದೀಪವನ್ನೂ ಆರಿಸಿ, ಪೂರ್ತಿ ಕತ್ತಲಲ್ಲಿ ಪ್ಯಾಕೆಟ್ಟಿನಿಂದ ಒಂದು ತುಂಡು ತೆಗೆದು ಡೆವಲಪ್, ಫಿಕ್ಸ್ ಮಾಡಿ. ಆಗಲೂ ಬೂದು ಬಂದರೆ ಪೇಪರೇ ಹೋಗಿದೆ. ಅಟ್ಟದ ಮೇಲೆ ಇಟ್ಟಿದ್ದರೆ ಆಶ್ಚರ್ಯವಿಲ್ಲ.

ಬಿಳಿ ಬಂದರೆ ದೀಪದ್ದೇ ಅನುಮಾನ. ಇನ್ನೊಂದು ತುಂಡಿನ ಮೇಲೆ ನಾಣ್ಯ ಇಟ್ಟು ಕೆಂಪು ದೀಪದ ಕೆಳಗೆ 5 ನಿಮಿಷ ಬಿಡಿ. ಡೆವಲಪ್ ಮಾಡಿದಾಗ ನಾಣ್ಯದ ಗುರುತು ಕಂಡರೆ ಆ ಬಲ್ಬ್ ಕೆಲಸಕ್ಕೆ ಬಾರದು. ಮಾರ್ಕೆಟ್ಟಿನ ಕೆಂಪು ಬಣ್ಣ ಬಳಿದ ಜೀರೋ ಬಲ್ಬ್‌ಗಳಲ್ಲಿ ಬಿಳಿ ಬೆಳಕು ಸೋರುವುದುಂಟು. ಮಲ್ಟಿಗ್ರೇಡ್ ಪೇಪರ್ (ಕಾಂಟ್ರಾಸ್ಟ್ ಬದಲಿಸಬಹುದಾದ ಪೇಪರ್) ಹಸಿರು ಬೆಳಕಿಗೂ ಸ್ಪಂದಿಸುವಂಥದ್ದು, ಹಾಗಾಗಿ ಹಳದಿ ಬಲ್ಬ್ ಕೂಡ ನಡೆಯದು. ಗುರುತು ಕಾಣದಿದ್ದರೆ ಬಾಗಿಲ ಸಂದು, ಎನ್‌ಲಾರ್ಜರ್ (ನೆಗೆಟಿವ್ ಚಿತ್ರವನ್ನು ದೊಡ್ಡದಾಗಿ ಪೇಪರ್ ಮೇಲೆ ಬೀಳಿಸುವ ಯಂತ್ರ) ತಲೆಯ ಸೋರಿಕೆ ನೋಡಿ.