‘ತಿಪಟೂರು ಮನೆ’ ಗ್ರೂಪಲ್ಲಿ ಅಮೆರಿಕದ ಸಂವಿಧಾನ

ಭಾನುವಾರ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ನಡೆದಿದ್ದು, ಹೆಚ್ಚುಕಮ್ಮಿ ಹಂಗೇ ಇಳಿಸಿದೀನಿ. ಗುಡ್ ಮಾರ್ನಿಂಗ್ ಹೂವು, ಕೈಮುಗಿಯೋ ಎಮೋಜಿ ಎಲ್ಲ ತೆಗೆದಿದೀನಿ, ಇಲ್ಲಾಂದ್ರೆ ಇದಕ್ಕೆ ಮೂರರಷ್ಟು ಆಗ್ತಿತ್ತು.

ವೀಣಕ್ಕ (ನ್ಯೂಜೆರ್ಸಿ): ಎಲ್ರಿಗೂ ನಮಸ್ಕಾರ, ಗುರುವಾರ ನಂದು ಸಿಟಿಜನ್‌ಶಿಪ್ ಇಂಟರ್‌ವ್ಯೂ, 128 ಪ್ರಶ್ನೆ ಓದ್ಕೋಬೇಕು ಅದ್ರಲ್ಲಿ 20 ಕೇಳ್ತಾರೆ, 12 ಸರಿ ಬಂದ್ರೆ ಪಾಸ್. ಯಾರಾದ್ರೂ ಫ್ರೀ ಇದ್ರೆ ನಂಗೆ ಸ್ವಲ್ಪ ಪ್ರಶ್ನೆ ಕೇಳ್ತೀರಾ?

(ಎರಡು ಗಂಟೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಇದು ಬಂತು.)

ರಮೇಶ ಚಿಕ್ಕಪ್ಪ: [ಹಲವು ಬಾರಿ ಫಾರ್ವರ್ಡ್ ಆಗಿದೆ] ನಿಮಗೆ ಗೊತ್ತೇ??? ಅಮೆರಿಕದ ಸಂವಿಧಾನ ಬರೀ 4 ಪುಟ!! 1787ರಿಂದ ಇವತ್ತಿನವರೆಗೆ ಒಂದಕ್ಷರ ಬದಲಾಗಿಲ್ಲ!! ಅಲ್ಲಿ ಅಧ್ಯಕ್ಷ ಹೇಳಿದ್ದೇ ಕಾನೂನು. ನಮ್ಮಲ್ಲಿ 100ಕ್ಕೂ ಹೆಚ್ಚು ತಿದ್ದುಪಡಿ. ಯೋಚಿಸಿ. 10 ಜನಕ್ಕೆ ಕಳಿಸಿ.

ಕಿರಣ: ಮೂಲ ಎಲ್ಲಿ ಚಿಕ್ಕಪ್ಪ?

ರಮೇಶ ಚಿಕ್ಕಪ್ಪ: ನಮ್ಮ ವಾಕಿಂಗ್ ಗ್ರೂಪಲ್ಲಿ ಬಂತು, ಕಳಿಸಿದೋರು ರಿಟೈರ್ಡ್ ಇಂಜಿನಿಯರು.

ಕಿರಣ: ಕೊರೋನಾ ಟೈಮಲ್ಲಿ ಮೂಗಿಗೆ ನಿಂಬೆಹಣ್ಣು ಹಿಂಡ್ಕೊಳ್ಳಿ ಅಂತ ಕಳಿಸಿದ್ರಲ್ಲ ಅದೇ ಇಂಜಿನಿಯರಾ? 27 ತಿದ್ದುಪಡಿ ಆಗಿದೆ ಚಿಕ್ಕಪ್ಪ ಅಲ್ಲಿ, ಮೊದಲ್ನೇ 10 ಅಂತೂ 1791ರಲ್ಲೇ ಆಗೋಯ್ತು.

ರಮೇಶ ಚಿಕ್ಕಪ್ಪ: 4 ಪುಟ ಸುಳ್ಳಾ ಹಂಗಾದ್ರೆ?

ಕಿರಣ: ಅದು ನಿಜ, ಚರ್ಮದ ಹಾಳೆ, ಒಂದೊಂದೂ ಎರಡಡಿ ಮೇಲಿದೆ, ಆದ್ರೆ

ರಮೇಶ ಚಿಕ್ಕಪ್ಪ: ನಿಜ ಅಂತ ನೀನೇ ಒಪ್ಕೊಂಡೆ. ಮುಗೀತು.

ವೀಣಕ್ಕ: ಅಧ್ಯಕ್ಷ ಹೇಳಿದ್ದೇ ಕಾನೂನು ಅನ್ನೋದೂ ತಪ್ಪು ಚಿಕ್ಕಪ್ಪ, ಕಾನೂನು ಮಾಡೋದು ಕಾಂಗ್ರೆಸ್ಸು. ಅಧ್ಯಕ್ಷರು ವೀಟೋ ಹಾಕ್ಬೋದು, ಆದ್ರೆ ಎರಡೂ ಸದನದಲ್ಲಿ ಮೂರನೇ ಎರಡು ಭಾಗ ವೋಟು ಬಿದ್ರೆ ಆ ವೀಟೋನೂ ನಡಿಯಲ್ಲ. ಇದೇ ನನ್ನ ಸಿಲಬಸ್ಸು 😀

ಸುಧಾತ್ತೆ: ಅಲ್ಲೂ ಕಾಂಗ್ರೆಸ್ಸೇನಾ??

ರಮೇಶ ಚಿಕ್ಕಪ್ಪ: ಅದಕ್ಕೇ ಹಾಳಾಗಿರೋದು.

ದೊಡ್ಡಪ್ಪ: ಗುಂಪಿನಲ್ಲಿ ರಾಜಕೀಯ ಬೇಡ ಎಂದು ಯುಗಾದಿಯಂದೇ ಹೇಳಿದ್ದೇನೆ.

ವೀಣಕ್ಕ: ಅತ್ತೆ ಅದು ಪಾರ್ಟಿ ಅಲ್ಲ, ಅಲ್ಲಿ ಪಾರ್ಲಿಮೆಂಟಿಗೇ ಕಾಂಗ್ರೆಸ್ ಅಂತಾರೆ.

ದೊಡ್ಡಪ್ಪ: ಆದರೂ ಒಂದು ಮಾತು. ಆ ಜನ ಪಾನನಿಷೇಧವನ್ನೇ ಸಂವಿಧಾನದಲ್ಲಿ ಬರೆದರು. ಇಚ್ಛಾಶಕ್ತಿ ಎಂದರೆ ಅದು. ಇಂದಿನ ಯುವಕರು ಗಮನಿಸಬೇಕು.

ಕಿರಣ: ಹೌದು ದೊಡ್ಡಪ್ಪ, 1919ರಲ್ಲಿ 18ನೇ ತಿದ್ದುಪಡಿ. 1933ರಲ್ಲಿ 21ನೇ ತಿದ್ದುಪಡಿ ತಂದು ಅದನ್ನೇ ಕಿತ್ತುಹಾಕಿದ್ರು.

ಸುಧಾತ್ತೆ: ಪಾನನಿಷೇಧ ಅಂದ್ರೆ ಪುಟ್ಟಿ ಮದುವೆ ಹಿಂದಿನ ದಿನ ಛತ್ರದ ಹಿಂದುಗಡೆ ಜನರೇಟರ್ ರೂಮಲ್ಲಿ ಯಾರ್ಯಾರು ಏನೇನು ಮಾಡ್ತಿದ್ರು ಅಂತ ನಂಗೊತ್ತು, ಬೀಗರ ಮುಂದೆ ಮಾನ ಹೋಗಿದ್ದು ನಂದು.

ರಮೇಶ ಚಿಕ್ಕಪ್ಪ: ಈ ಮೆಸೇಜ್ ಡಿಲೀಟ್ ಮಾಡಲಾಗಿದೆ

ಪಚ್ಚಿ: ಏನಾದ್ರೂ ಅನ್ನಿ, ಶಾಸಕಾಂಗ ಕಾರ್ಯಾಂಗ ನ್ಯಾಯಾಂಗ ಅಂದ್ರೆ ನಂಗೆ ಇವತ್ತಿಗೂ ದೊಡ್ಡಪ್ಪನ ಬೆತ್ತದ ಸದ್ದೇ ಕೇಳ್ಸುತ್ತೆ, ಬೇಸಿಗೆ ರಜದಲ್ಲಿ ಜಗುಲಿ ಮೇಲೆ ನಮ್ಮೆಲ್ರನ್ನೂ ಸಾಲಾಗಿ ಕೂರ್ಸಿ ಪೌರನೀತಿ ಬಾಯಿಪಾಠ, ತಪ್ಪಿದೋರಿಗೆ ಎಳನೀರಿಲ್ಲ, ವೀಣಕ್ಕ ಯಾವಾಗ್ಲೂ ಎರಡು ಕುಡೀತಿದ್ಲು ನಾನು ಬರೀ ಗಂಜಿ ಕೆರ್ಕೊಂಡು ತಿಂತಿದ್ದೆ. ಅಜ್ಜಿ ಕದ್ದು ಕೊಬ್ಬರಿ ಮಿಠಾಯಿ ಕೊಡೋರು. ಆ ಜಗುಲಿ ಈಗ ಇದ್ಯಾ?

ಸುಧಾತ್ತೆ: ಜಗುಲಿ ಒಡೆದು ಕಾರ್ ಶೆಡ್ ಮಾಡಿದಾರೆ ನಿಮ್ಮ ಚಿಕ್ಕಪ್ಪ. ಯಾರನ್ನ ಕೇಳಿ ಒಡೆದ್ರು ಅಂತ ನಾನು ಕೇಳಲ್ಲ.

ರಮೇಶ ಚಿಕ್ಕಪ್ಪ: ತೋಟ ನೋಡ್ಕೊಳ್ಳೋನು ನಾನು, ನುಸಿರೋಗಕ್ಕೆ ಔಷಧಿ ಹೊಡ್ಸೋನು ನಾನು. ಅಮೆರಿಕದಲ್ಲಿ ಕೂತೋರಿಗೆ ಏನ್ ಗೊತ್ತು. ಅಂದಹಾಗೆ ವೀಣಾ, ಅಲ್ಲಿ ಪೌರತ್ವ ತಗೊಂಡ್ರೆ ಇಲ್ಲಿ ಜಮೀನಲ್ಲಿ ಪಾಲು ಬರಲ್ಲ ಅಂತ ನಮ್ಮ ವಾಕಿಂಗ್ ಗ್ರೂಪಲ್ಲಿ ಹೇಳ್ತಿದ್ರು, ನೋಡ್ಕೋಮ್ಮ.

(ಓ, ಫಾರ್ವರ್ಡ್ ಬಂದಿದ್ದು ಇದಕ್ಕಾ, ಅಂತ ನಂಗೆ ಹೊಳೆದಿದ್ದು ಇಲ್ಲಿ.)

ಕಿರಣ: ಓಸಿಐ (ಬೇರೆ ದೇಶದ ಪೌರತ್ವ ತಗೊಂಡ ಭಾರತೀಯ ಮೂಲದೋರಿಗೆ ಕೊಡೋ ಕಾರ್ಡು) ಇರೋರು ಕೃಷಿ ಜಮೀನು ಕೊಂಡ್ಕೊಳ್ಳೋ ಹಾಗಿಲ್ಲ ಅಷ್ಟೇ ಚಿಕ್ಕಪ್ಪ. ಪಿತ್ರಾರ್ಜಿತ ಬರೋಕೆ ಅಡ್ಡಿ ಇಲ್ಲ.

ರಮೇಶ ಚಿಕ್ಕಪ್ಪ: ನಿನ್ನ ಯಾರೋ ಕೇಳಿದ್ದು?

ಸುಧಾತ್ತೆ: ಲೋ ರಮೇಶ, ತಿದ್ದುಪಡಿ ಜಾಸ್ತಿ ಆಯ್ತು ತಿದ್ದುಪಡಿ ಜಾಸ್ತಿ ಆಯ್ತು ಅಂತ ನೀನು ಯಾಕೆ ಅಳ್ತೀಯ ಅಂತ ನಂಗೀಗ ಗೊತ್ತಾಯ್ತು, ಹೆಣ್ಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಬಂತಲ್ಲ ಆ ತಿದ್ದುಪಡಿ ಇನ್ನೂ ಜೀರ್ಣ ಆಗಿಲ್ಲ ನಿಂಗೆ. ಅಣ್ಣ ಹೋದ ಅಂದ್ಮೇಲೆ ಅವನ ಪಾಲು ವೀಣಂದೇ.

ಕಿರಣ: ಅತ್ತೆ ಅದು ಸಂವಿಧಾನದ ತಿದ್ದುಪಡಿ ಅಲ್ಲ, ಉತ್ತರಾಧಿಕಾರ ಕಾಯ್ದೆಗೆ ಆಗಿದ್ದು.

ಸುಧಾತ್ತೆ: ಯಾವ್ದಕ್ಕಾದ್ರೂ ಆಗ್ಲಿ, ಪಾಲು ಬಂತಾ ಇಲ್ವಾ?

ಪಚ್ಚಿ: ಖಾತೆ ಬದಲಾವಣೆ ಅರ್ಜಿ ಎಲ್ಲಿಗೆ ಬಂತು?

ಕಿರಣ: ಅವರ 27ನೇ ತಿದ್ದುಪಡಿ ಕಥೆ ಗೊತ್ತಾ, 1789ರಲ್ಲಿ ರಾಜ್ಯಗಳಿಗೆ ಕಳಿಸಿದ್ದು, ನಾಲ್ಕನೇ ಮೂರು ಭಾಗ ರಾಜ್ಯಗಳು ಒಪ್ಪಿ ಜಾರಿ ಆಗೋಷ್ಟರಲ್ಲಿ 1992.

ಪಚ್ಚಿ: ಸರಿ ಬಿಡು, ನಮ್ಮ ಅರ್ಜಿಗೆ ಇನ್ನೂ ಟೈಮಿದೆ 😂

ರಮೇಶ ಚಿಕ್ಕಪ್ಪ ಗ್ರೂಪ್ ತೊರೆದಿದ್ದಾರೆ

ದೊಡ್ಡಪ್ಪ ಅವರು ರಮೇಶ ಚಿಕ್ಕಪ್ಪ ಅವರನ್ನು ಸೇರಿಸಿದ್ದಾರೆ

ದೊಡ್ಡಪ್ಪ: ಜಮೀನಿನ ಮಾತು ಫೋನಿನಲ್ಲಿ ಬೇಡ, ಹಬ್ಬಕ್ಕೆ ಎಲ್ಲರೂ ಬನ್ನಿ, ಕೂತು ಮಾತಾಡೋಣ.

ವೀಣಕ್ಕ: ನಂಗೆ ಜಮೀನು ಬೇಡ ದೊಡ್ಡಪ್ಪ. ಬೆಳಗ್ಗೆಯಿಂದ ಪ್ರಶ್ನೆ ಕೇಳಿ ಅಂತ ಬೇಡ್ಕೊಳ್ತಿದೀನಿ, ಇಲ್ಲಿ ನೋಡಿದ್ರೆ ಇವರು ನಿದ್ದೆ, ಮಕ್ಕಳು ನಿದ್ದೆ.

(ಹತ್ತು ನಿಮಿಷ ಬರೀ ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತಲೇ ಕಾಣ್ತಿತ್ತು. ಅವರಿಗೆ ಕನ್ನಡಕ ಬದಲಾಯಿಸ್ಬೇಕು.)

ದೊಡ್ಡಪ್ಪ: ಸೆನೆಟ್ಟಿನಲ್ಲಿ ಸದಸ್ಯರ ಸಂಖ್ಯೆ ಎಷ್ಟು?

ವೀಣಕ್ಕ: 100. ರಾಜ್ಯಕ್ಕೆ ಇಬ್ಬರು.

ಸುಧಾತ್ತೆ: ದೊಡ್ಡ ರಾಜ್ಯಕ್ಕೂ ಇಬ್ಬರೇ, ಚಿಕ್ಕ ರಾಜ್ಯಕ್ಕೂ ಇಬ್ಬರೇನಾ?

ವೀಣಕ್ಕ: ಹೂಂ ಅತ್ತೆ, ಜನಸಂಖ್ಯೆ ಲೆಕ್ಕ ಇನ್ನೊಂದು ಸದನಕ್ಕೆ, ಅಲ್ಲಿ 435.

ಸುಧಾತ್ತೆ: ರಮೇಶ, ನೋಡ್ಕೊಂಡ್ಯಾ, ಎಲ್ರಿಗೂ ಸಮ.

ದೊಡ್ಡಪ್ಪ: ಸುಧಾ, ಪರೀಕ್ಷೆ ನಡೆಯುತ್ತಿದೆ. ಮುಂದಿನ ಪ್ರಶ್ನೆ. ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರು ಎಷ್ಟು?

ರಮೇಶ ಚಿಕ್ಕಪ್ಪ: 11

ದೊಡ್ಡಪ್ಪ: ನಿನ್ನನ್ನು ಕೇಳಲಿಲ್ಲ.

ವೀಣಕ್ಕ: 9

ಪಚ್ಚಿ: ದೊಡ್ಡಪ್ಪ, ಅವಳಿಗೊಂದು ಎಳನೀರು 🥥